ಡೊಮಿನಿಕಾದ ಬೀಚ್ ಕಪ್ಪಗಿದೆ, ಅದು ಕೊಳೆ ಅಲ್ವಾ?

ಓದುಗರ ಪ್ರಶ್ನೆ: "ಕೆರಿಬಿಯನ್ ಕಡೆ ಹೋಗುವ ಯೋಚನೆ ಇದೆ. ಡೊಮಿನಿಕಾ ಚೆನ್ನಾಗಿದೆ ಅಂತಾರೆ. ಆದರೆ ಫೋಟೊದಲ್ಲಿ ಮರಳೆಲ್ಲ ಕಪ್ಪಗೆ ಕಾಣುತ್ತದೆ. ಅಂಥ ಕೊಳಕು ಬೀಚ್ ನೋಡೋಕೆ ಅಷ್ಟು ದೂರ ಹೋಗಬೇಕಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಡೊಮಿನಿಕಾ ಬೇರೆ, ಡೊಮಿನಿಕನ್ ರಿಪಬ್ಲಿಕ್ ಬೇರೆ. ಎರಡನೆಯದು ಹೈಟಿಯ ಪಕ್ಕದ, ಸ್ಪ್ಯಾನಿಷ್ ಮಾತಾಡುವ ದೊಡ್ಡ ದೇಶ. ನಮ್ಮ ಡೊಮಿನಿಕಾ ಗ್ವಾಡಲೂಪ್ ಮತ್ತು ಮಾರ್ಟಿನಿಕ್ ನಡುವಿನ ಪುಟ್ಟ ದ್ವೀಪ. ಅಲ್ಲಿಯವರು 'ನೀ' ಎಳೆದು ಡೊಮಿನೀಕಾ ಎನ್ನುತ್ತಾರೆ. ವಿಸ್ತೀರ್ಣ ಸುಮಾರು 750 ಚದರ ಕಿ.ಮೀ. ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು ಜಾಗ, ಜನ ಮಾತ್ರ ಸುಮಾರು 70 ಸಾವಿರ. ಕ್ರಿಕೆಟ್ ನೋಡುವವರಿಗೆ ನೆನಪಿರಬಹುದು: 2011ರ ಜುಲೈನಲ್ಲಿ ಭಾರತ ಅಲ್ಲಿ ಟೆಸ್ಟ್ ಆಡಿತ್ತು. ಡ್ರಾ ಎಂದು ಕೈಕುಲುಕಿದಾಗ ಕ್ರೀಸ್‌ನಲ್ಲಿದ್ದವರು ನಮ್ಮ ದ್ರಾವಿಡ್ ಮತ್ತು ಲಕ್ಷ್ಮಣ್. ಆ ವಿಂಡ್ಸರ್ ಪಾರ್ಕ್ ಮೈದಾನ ಇರುವುದು ಇದೇ ದ್ವೀಪದ ರಾಜಧಾನಿ ರೋಸೋದಲ್ಲಿ.

ಈಗ ಮರಳಿಗೆ ಬರೋಣ. ಕಪ್ಪು ಮರಳು ಕೊಳೆಯಲ್ಲ. ಎಣ್ಣೆ ಚೆಲ್ಲಿದ್ದೂ ಅಲ್ಲ, ಚರಂಡಿ ನೀರು ಸೇರಿದ್ದೂ ಅಲ್ಲ. ಅದು ಕಲ್ಲಿನ ಬಣ್ಣ, ಅಷ್ಟೇ.

ಮರಳು ಅಂದರೆ ಏನು? ಸವೆದು ಪುಡಿಯಾದ ಏನೋ ಒಂದು. ಏನು ಸವೆದಿದೆ ಎಂಬುದರ ಮೇಲೆ ಬಣ್ಣ. ಡೊಮಿನಿಕಾ ಪೂರ್ತಿ ಜ್ವಾಲಾಮುಖಿಗಳಿಂದ ಎದ್ದ ದ್ವೀಪ. ಬೆಟ್ಟಗಳ ಬೂದು, ಕಪ್ಪು ಕಲ್ಲನ್ನು ಮಳೆ ಕೊರೆಯುತ್ತದೆ, ನದಿಗಳು ಹೊತ್ತು ತರುತ್ತವೆ, ಅಲೆ ಅರೆಯುತ್ತದೆ. ವರ್ಷದ ದಿನಕ್ಕೊಂದರಂತೆ 365 ನದಿ ಇವೆ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಆ ಮರಳಿನಲ್ಲಿ ಕಬ್ಬಿಣದ ಅಂಶ ಇರುವ ಮ್ಯಾಗ್ನಟೈಟ್ ಕಣಗಳೂ ಇರುತ್ತವೆ. ಒಂದು ಅಯಸ್ಕಾಂತ ಆಡಿಸಿ ನೋಡಿ, ಅಂಟಿಕೊಂಡು ಬರುತ್ತವೆ. ಕೊಳೆ ಹಾಗೆ ಅಂಟುವುದಿಲ್ಲ.

ಹಾಗಾದರೆ ಬಾರ್ಬಡೋಸ್‌ನ ಬಿಳಿ ಮರಳು? ಅದು ಹವಳ ಮತ್ತು ಚಿಪ್ಪಿನ ಪುಡಿ. ಅದನ್ನು ಪುಡಿ ಮಾಡುವವರಲ್ಲಿ ಪ್ಯಾರಟ್ ಮೀನೂ ಒಂದು. ಗಿಳಿಯ ಕೊಕ್ಕಿನಂಥ ಬಾಯಿಂದ ಹವಳದ ಬಂಡೆ ಕಚ್ಚಿ, ಮೇಲಿನ ಪಾಚಿ ಅರಗಿಸಿಕೊಂಡು, ಉಳಿದ ಸುಣ್ಣದ ಪುಡಿಯನ್ನು ಹೊರಗೆ ಬಿಡುತ್ತದೆ. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಹೀಗೆ ಮಾಡಬಲ್ಲದು. ನಾವು 'ಶುದ್ಧ' ಅನ್ನುವ ಬಿಳುಪಿನಲ್ಲಿ ಮೀನಿನ ಹೊಟ್ಟೆಯಿಂದ ಬಂದದ್ದೂ ಬೇಕಾದಷ್ಟಿದೆ. ಅದೂ ಕೊಳೆಯಲ್ಲ, ಇದೂ ಅಲ್ಲ.

ಇನ್ನೂ ನಂಬಿಕೆ ಬರದಿದ್ದರೆ ಕಾರವಾರಕ್ಕೆ ಹೋಗಿ. ಮಾಜಾಳಿಯ ಆಚೆ ಗುಡ್ಡ ದಾಟಿದರೆ ತಿಳ್ಮಾತಿ ಬೀಚ್ ಇದೆ. ಕೊಂಕಣಿಯಲ್ಲಿ ತಿಳ್ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಕಪ್ಪೆಳ್ಳು ಹರಡಿದ ಹಾಗೆ ಇರುತ್ತದೆ. ಅದನ್ನು ನೋಡಲು ಜನ ಬೆವರು ಸುರಿಸಿ ಗುಡ್ಡ ಹತ್ತುತ್ತಾರೆ. ಅಲ್ಲಿ ಅದು ವಿಶೇಷ, ಡೊಮಿನಿಕಾದಲ್ಲಿ ಮಾತ್ರ ಕೊಳಕು ಹೇಗಾಗುತ್ತದೆ ಹೇಳಿ?

ಡೊಮಿನಿಕಾದ ಪೂರ್ವ ತೀರದ ರೋಸಲೀ ಬೀಚ್‌ನ ಇದೇ ಕಪ್ಪು ಮರಳಿಗೆ, ನೂರಾರು ಕಿಲೋ ತೂಗುವ ಲೆದರ್‌ಬ್ಯಾಕ್ ಆಮೆಗಳು ರಾತ್ರಿ ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ಬೀಚ್ ನಿಜವಾಗಿ ಗಲೀಜಾಗುವುದು ಸರ್ಗಾಸಮ್ ಎಂಬ ಕಂದು ಪಾಚಿ ರಾಶಿ ರಾಶಿ ಬಂದು ಕೊಳೆತಾಗ. ಅದು ಬಿಳಿ ಬೀಚನ್ನೂ ಬಿಡುವುದಿಲ್ಲ. ಕಪ್ಪು ಮರಳಿನ ನಿಜವಾದ ತೊಂದರೆ ಒಂದೇ, ಮಧ್ಯಾಹ್ನ ಕಾಲು ಸುಡುತ್ತದೆ. ಚಪ್ಪಲಿ ಬಿಚ್ಚಬೇಡಿ.

ಎಲ್ಲಿಗೆ ಹೋಗಬೇಕು? ಸುಮ್ನೆ ಈಜಲು ಪಶ್ಚಿಮದ ಮೇರೋ. ತಿಳಿ ಬಣ್ಣದ ಮರಳೇ ಬೇಕೆಂದರೆ ಉತ್ತರದ ಬಟೀಬೂ. ರೋಸೋದಿಂದ ದಕ್ಷಿಣಕ್ಕೆ ಶಾಂಪೇನ್ ರೀಫ್‌ನಲ್ಲಿ ಜ್ವಾಲಾಮುಖಿಯ ಅನಿಲ ಸಮುದ್ರದ ತಳದಿಂದ ಗುಳುಗುಳು ಮೇಲೇಳುತ್ತದೆ, ಗುಳ್ಳೆಗಳ ನಡುವೆಯೇ ಈಜಬಹುದು. ಕಾಲಲ್ಲಿ ಶಕ್ತಿ ಇದ್ದರೆ ಗೈಡ್ ಜೊತೆ ಬಾಯ್ಲಿಂಗ್ ಲೇಕ್‌ಗೆ ನಡೆಯಿರಿ. ಹೆಸರೇ ಹೇಳುವಂತೆ, ಕೆರೆ ಕುದಿಯುತ್ತಿರುತ್ತದೆ. ಹೋಗಿ ಬರಲು ಒಂದು ದಿನ ಇಟ್ಟುಕೊಳ್ಳಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೆರಿಬಿಯನ್ ಎಂಬ ಹೆಸರು ಬಂದದ್ದು ಯಾರಿಂದ? ಯುರೋಪಿನವರು 'ಕ್ಯಾರಿಬ್' ಎಂದು ಕರೆದ ಮೂಲನಿವಾಸಿಗಳಿಂದ. ಅವರು ತಮ್ಮನ್ನು ಕರೆದುಕೊಳ್ಳುವುದು ಕಲಿನಾಗೊ ಎಂದು. ಅವರೆಲ್ಲ ಅಳಿದುಹೋದರು ಎಂದು ಈಗಲೂ ಹೇಳುವವರಿದ್ದಾರೆ. ಇಲ್ಲ, ಡೊಮಿನಿಕಾದ ಪೂರ್ವ ತೀರದಲ್ಲಿ 1903ರಲ್ಲಿ ಅವರಿಗೆಂದು ಗುರುತಿಸಿದ ಸುಮಾರು 3,700 ಎಕರೆ ನೆಲದಲ್ಲಿ ಇಂದಿಗೂ ಸುಮಾರು 3,000 ಜನ ಬಾಳುತ್ತಿದ್ದಾರೆ. 2023ರಲ್ಲಿ ದೇಶದ ಅಧ್ಯಕ್ಷರಾದ ಸಿಲ್ವನೀ ಬರ್ಟನ್ ಆ ಸಮುದಾಯದವರೇ. ಕಲಿನಾಗೊ ಮಾತಿನಲ್ಲಿ ದ್ವೀಪದ ಹೆಸರು ವಾಯ್‌ಟುಕುಬುಲಿ, 'ಎತ್ತರ ಅವಳ ಮೈ' ಎಂದು ಅರ್ಥ. 1,447 ಮೀಟರ್ ಎತ್ತರದ ಮೋರ್ನ್ ಡಿಯಾಬ್ಲೋಟಿನ್ ಶಿಖರವನ್ನು ದೋಣಿಯಿಂದ ನೋಡಿದವರು ಇಟ್ಟ ಹೆಸರು ಅದು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಕಲಿನಾಗೊ ಜನರ ಊರಿಗೆ ಹೋದರೆ ಲರೂಮಾ ಎಂಬ ಜೊಂಡಿನ ಬುಟ್ಟಿ ಒಂದು ಕೊಳ್ಳಿ. ಎರಡು ಪದರ ಹೆಣೆದು ನಡುವೆ ಎಲೆ ಇಡುತ್ತಾರೆ, ಮಳೆ ನೀರು ಒಳಗಿಳಿಯುವುದಿಲ್ಲ. ಬುಟ್ಟಿಯ ಮೇಲೆ ಬಿಳಿ, ಕಂದು, ಕಪ್ಪು ಪಟ್ಟೆ ಇರುತ್ತವೆ. ಆ ಕಪ್ಪು ಬರಲು ಜೊಂಡನ್ನು ಕೆಲವು ದಿನ ಕೆಸರಿನಲ್ಲಿ ಹೂತಿಡುತ್ತಾರೆ.