ಆದೇಶ ಒಂದೇ, ಊರಿಂದೂರಿಗೆ ಸಾವಿನ ಲೆಕ್ಕ ಬೇರೆ: ಯಾಕೆ?

ಪ್ರಶ್ನೆ: ನಮ್ಮದು ಸಿಂಧನೂರು ತಾಲೂಕಿನ ಹಳ್ಳಿ. ಕೊರೊನಾ ಎರಡನೇ ಅಲೆಯಲ್ಲಿ ನಮ್ಮೂರಲ್ಲಿ ಮನೆಮನೆಗೂ ಜ್ವರ, ವಾರಕ್ಕೆ ಒಂದೆರಡು ಸಾವು. ನಾಲ್ಕು ಕಿಲೋಮೀಟರ್ ಆಚೆಯ ಊರಲ್ಲಿ ಹಾಗೇನೂ ಆಗಲಿಲ್ಲ. ಲಾಕ್‌ಡೌನ್, ಮಾಸ್ಕ್, ಲಸಿಕೆ ಎರಡೂ ಊರಿಗೆ ಒಂದೇ ಇದ್ದವಲ್ಲ. ಹಾಗಾದರೆ ಸರ್ಕಾರದ ಕ್ರಮಗಳಿಂದ ನಿಜಕ್ಕೂ ಏನಾದರೂ ಆಗುತ್ತದೆಯೋ, ಎಲ್ಲ ಹಣೆಬರಹವೋ?

ಉತ್ತರ: ಆಗುತ್ತದೆ. ಆದರೆ ಬೆಂಗಳೂರಿನಲ್ಲಿ ಸಹಿಯಾದ ಆದೇಶ ಹೊರಟ ಹಾಗೆಯೇ ಊರು ಮುಟ್ಟುವುದಿಲ್ಲ. ಅದು ಯಾವ ದಿನ ಬಂತು, ಪಾಲಿಸುವುದಕ್ಕೆ ಮನೆಯಲ್ಲಿ ಜೋಳ ಇತ್ತೇ, ಹೊತ್ತು ತಂದವರ ಮಾತನ್ನು ಓಣಿಯವರು ನಂಬಿದರೇ ಎಂಬುದರ ಮೇಲೆ ಅದರ ಫಲ ನಿಂತಿರುತ್ತದೆ. ಹಣೆಬರಹದ ಪಾಲೂ ಸ್ವಲ್ಪ ಉಂಟು. ಒಂದೂವರೆ ಸಾವಿರ ಜನರ ಊರಲ್ಲಿ ಸೋಂಕಿದ್ದವರೊಬ್ಬರು ಮದುವೆಗೆ ಬಂದರೋ ಇಲ್ಲವೋ ಎನ್ನುವಷ್ಟಕ್ಕೇ ಇಡೀ ಲೆಕ್ಕ ತಿರುಗುತ್ತದೆ. ಹಾಗಾಗಿ ಎರಡೇ ಊರನ್ನು ಹೋಲಿಸಿ ತೀರ್ಪು ಕೊಡುವುದು ಕಷ್ಟ. ಹೋಬಳಿಯ ಹತ್ತು ಹದಿನೈದು ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾವ ಕ್ರಮ ಎಲ್ಲಿ ನಾಟಿತು, ಎಲ್ಲಿ ಜಾರಿತು ಎಂಬುದು ಕಾಣತೊಡಗುತ್ತದೆ.

ಮೊದಲು ದಿನದ ಲೆಕ್ಕ. ಸೋಂಕು 4 ದಿನಕ್ಕೊಮ್ಮೆ ಇಮ್ಮಡಿಯಾಗುತ್ತಿದೆ ಎಂದುಕೊಳ್ಳಿ. ಇವತ್ತು 10 ಜನ ಇದ್ದರೆ 12ನೇ ದಿನಕ್ಕೆ 80, 24ನೇ ದಿನಕ್ಕೆ 640. ಸಂತೆ ನಿಲ್ಲಿಸುವ ತೀರ್ಮಾನ 8 ದಿನ ತಡವಾದರೆ ಎದುರಿಸಬೇಕಾದ ಸೋಂಕು ನಾಲ್ಕು ಪಟ್ಟು. ಇದರಲ್ಲಿ ಇನ್ನೊಂದು ಮೋಸ ಇದೆ. ಸೋಂಕು ತಗಲಿದವರು ತೀರಿಕೊಳ್ಳುವುದು ಸಾಮಾನ್ಯವಾಗಿ ಎರಡು ಮೂರು ವಾರ ಕಳೆದ ಮೇಲೆ. ಊರಲ್ಲಿ ಮೊದಲ ಸಾವು ಆಗಲಿ, ಆಮೇಲೆ ನೋಡೋಣ ಎಂದು ಕೂತವರು ಅಷ್ಟರಲ್ಲಿ ಐದು ಇಮ್ಮಡಿ ದಾಟಿರುತ್ತಾರೆ, ಅಂದರೆ 32 ಪಟ್ಟು. 1918ರ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದ ಎರಡು ಊರುಗಳಲ್ಲಿ ಆದದ್ದು ಇದೇ. ಫಿಲಡೆಲ್ಫಿಯಾದಲ್ಲಿ ರೋಗ ಕಾಣಿಸಿಕೊಂಡ ಮೇಲೂ ಸೆಪ್ಟೆಂಬರ್ 28ರಂದು ದೊಡ್ಡ ಮೆರವಣಿಗೆ ನಡೆಯಿತು, ಶಾಲೆ-ಚರ್ಚು ಮುಚ್ಚಿದ್ದು ಅಕ್ಟೋಬರ್ 3ಕ್ಕೆ. ಸೇಂಟ್ ಲೂಯಿಸ್‌ನಲ್ಲಿ ಮೊದಲ ರೋಗಿಗಳು ಗೊತ್ತಾದ ಎರಡೇ ದಿನಕ್ಕೆ ಮುಚ್ಚಿದರು. ಉತ್ತುಂಗದ ವಾರದಲ್ಲಿ ಲಕ್ಷ ಜನಕ್ಕೆ ಹೆಚ್ಚುವರಿ ಸಾವು (ಎಂದಿಗಿಂತ ಹೆಚ್ಚಾಗಿ ಆದ ಸಾವು) ಫಿಲಡೆಲ್ಫಿಯಾದಲ್ಲಿ 257, ಸೇಂಟ್ ಲೂಯಿಸ್‌ನಲ್ಲಿ 31.

ಬೇಗ ಮಾಡಿದ್ದೆಲ್ಲ ಸರಿ ಎಂದೂ ಅಲ್ಲ. ಪ್ಲೇಗಿನ ಕಾಲದಲ್ಲಿ ನಮ್ಮ ಕಡೆ ಇಲಿ ಬಿದ್ದವೆಂದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದು ಬುದ್ಧಿವಂತಿಕೆಯೇ, ಯಾಕೆಂದರೆ ರೋಗ ಇದ್ದದ್ದು ಇಲಿಯ ಮೈಮೇಲಿನ ಚಿಗಟದಲ್ಲಿ, ಅದು ಮನೆಯಲ್ಲೇ ಉಳಿಯುತ್ತಿತ್ತು. ಉಸಿರಿನಿಂದ ಹರಡುವ ರೋಗಕ್ಕೆ ಅದೇ ಮದ್ದು ಉಲ್ಟಾ ಹೊಡೆಯುತ್ತದೆ: ಓಡಿದವರ ಜೊತೆಗೆ ರೋಗವೂ ಓಡುತ್ತದೆ.

ಈ ಓಟದಲ್ಲೇ ರಾಯಚೂರು, ಕೊಪ್ಪಳದ ಕಥೆ ಇದೆ. ದೇವದುರ್ಗ, ಮಾನ್ವಿ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುವ ಮನೆಗಳು ಲೆಕ್ಕವಿಲ್ಲದಷ್ಟು. 2020ರ ಮಾರ್ಚ್ 24ರ ರಾತ್ರಿ 8ಕ್ಕೆ ಲಾಕ್‌ಡೌನ್ ಘೋಷಣೆ, 12ಕ್ಕೆ ಜಾರಿ. ನಾಲ್ಕು ತಾಸಿನ ಸಮಯ. ಕೆಲಸ ನಿಂತಿತು, ಬಸ್ ನಿಂತವು, ಜನ ಕಾಲ್ನಡಿಗೆಯಲ್ಲಿ ಹೊರಟರು. ಆ ಪಾಠ ಕಲಿತಂತೆ 2021ರ ಏಪ್ರಿಲ್ 26ರಂದು ರಾಜ್ಯ ಸರ್ಕಾರ ಘೋಷಿಸಿದಾಗ ಮರುದಿನ ರಾತ್ರಿ 9ರವರೆಗೆ ಅವಕಾಶ ಇತ್ತು. ಫಲ ಏನಾಯಿತು? ಆ ಒಂದೂವರೆ ದಿನದಲ್ಲಿ ಸೋಂಕು ಉಕ್ಕುತ್ತಿದ್ದ ಬೆಂಗಳೂರಿನಿಂದ ಸೀಟಿಗೆ ಮೂವರು, ನಡುದಾರಿಯಲ್ಲಿ ನಿಂತವರು ಎಂಬಂತೆ ಬಸ್ಸುಗಳು ಈ ಕಡೆ ಬಂದವು. ರಾತ್ರಿಯಿಡೀ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಎಂಟು ತಾಸು ಕೂತು ಬಂದವರು ಬೆಳಿಗ್ಗೆ ನೇರ ಮನೆಗೆ ಹೋದರು.

ತಪ್ಪು ಸಮಯ ಕೊಟ್ಟದ್ದರಲ್ಲೂ ಇಲ್ಲ, ಕೊಡದೇ ಇದ್ದದ್ದರಲ್ಲೂ ಪೂರ್ತಿ ಇಲ್ಲ. ಇದ್ದಲ್ಲೇ ಇರಲು ಕಾರಣ ಕೊಡದೆ ಇರಿ ಎಂದದ್ದರಲ್ಲಿದೆ. ನರೇಗಾ ಕೂಲಿಯ ದರದಲ್ಲೇ ಲೆಕ್ಕ ಹಾಕಿ: 2021-22ರಲ್ಲಿ ದಿನಕ್ಕೆ 289 ರೂಪಾಯಿ. 14 ದಿನ ಮನೆಯಲ್ಲಿ ಕೂತರೆ ಒಬ್ಬರಿಗೆ 4,046 ರೂಪಾಯಿ ಖೋತಾ. ತಿಂಗಳಿಗೆ ತಲೆಗೆ 5 ಕೆ.ಜಿ. ಉಚಿತ ಧಾನ್ಯ ಹೊಟ್ಟೆಗೆ ಆಧಾರವಾಯಿತು, ಸುಳ್ಳಲ್ಲ. ಆದರೆ ಎಣ್ಣೆ, ಬೇಳೆ, ಬಾಡಿಗೆ? ವಾರಕ್ಕೊಮ್ಮೆ ಬಾಗಿಲಿಗೆ ಬರುವ ಸಂಘದ ಕಂತು? ಈ ಹಣ ಮೊದಲು ಕೈಗೆ ಬಂದು ಆಮೇಲೆ ಆದೇಶ ಬಂದಿದ್ದರೆ ಅರ್ಧ ಬಸ್ಸುಗಳು ಹೊರಡುತ್ತಿರಲಿಲ್ಲ ಎಂಬುದು ನಮ್ಮ ಅಂದಾಜು. ಬಂದವರನ್ನು ಊರ ಶಾಲೆಯಲ್ಲಿ ಇಳಿಸಿ, ಊಟ ಕೊಟ್ಟು, ಕೆಲವು ದಿನ ನೋಡಿಕೊಂಡ ಪಂಚಾಯಿತಿಗಳಿಗೆ ಅದರ ಲಾಭ ಸಿಕ್ಕಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಹೆಸರು ಬರೆದುಕೊಂಡು ಬಿಟ್ಟ ಕಡೆ ಪುಸ್ತಕ ತುಂಬಿತು, ಅಷ್ಟೇ.

ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ ಎಂಬ ನಿಯಮದ ಬಗ್ಗೆ ಒಂದೇ ಮಾತು. 200 ಮನೆಯವರು ಬರುವ ಕಿರಾಣಿ ಅಂಗಡಿ 12 ತಾಸು ತೆರೆದಿದ್ದರೆ ತಾಸಿಗೆ 17 ಜನ, 4 ತಾಸು ತೆರೆದಿದ್ದರೆ 50. ಓಡಾಟ ಕಡಿಮೆಯಾಯಿತು, ಗುಂಪು ಮೂರು ಪಟ್ಟಾಯಿತು. ಓಣಿವಾರು ಸಮಯ ಹಂಚಿದ್ದರೆ ಅಥವಾ ತಳ್ಳುಗಾಡಿಯನ್ನೇ ಓಣಿಗೆ ಕಳಿಸಿದ್ದರೆ ಇದು ತಪ್ಪುತ್ತಿತ್ತು.

ಇನ್ನು ಬಾಗಿಲ ಹತ್ತಿರ ಬರೋಣ. ನೀತಿ ಎಂಬ ದೊಡ್ಡ ಮಾತು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯ ಕೈಚೀಲದಲ್ಲಿ ಇರುತ್ತದೆ. ಸುಮಾರು ಸಾವಿರ ಜನಕ್ಕೆ ಒಬ್ಬರು, ಅಂದರೆ ಹತ್ತಿರ ಹತ್ತಿರ 200 ಮನೆ. ಜ್ವರ ನೋಡಿ, ಬೆರಳಿಗೆ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಸಾಧನ) ಹಚ್ಚಿ, ನಾಲ್ಕು ಮಾತು ಕೇಳಿ ಬರೆದುಕೊಳ್ಳಲು ಮನೆಗೆ 5 ನಿಮಿಷ ಹಿಡಿದರೂ 1,000 ನಿಮಿಷ, ಸುಮಾರು 17 ತಾಸು. ಬಿಸಿಲು ನಡುನೆತ್ತಿಗೆ ಏರುವ ಮೇ ತಿಂಗಳಲ್ಲಿ ಅದು ಮೂರು ದಿನದ ಕೆಲಸ. ಒಂದೇ ದಿನದಲ್ಲಿ ಊರ ಸರ್ವೆ ಶೇ 100 ಮುಗಿಯಿತು ಎಂದು ವರದಿ ಹೋಗಿದ್ದರೆ ನಡೆದದ್ದು ಇಷ್ಟೇ: "ಅಕ್ಕಾ, ಜ್ವರಾ ಗಿರಾ ಅದಾವೇನು?" "ಇಲ್ಲವ್ವ, ಎಲ್ಲಾ ಆರಾಮ ಅದೀವಿ." ಒಳಗೆ ಮುದುಕಪ್ಪ ಕೌದಿ ಹೊದ್ದು ಮಲಗಿರುತ್ತಾನೆ.

ಆ ಮನೆಯಾಕೆ ಸುಳ್ಳು ಹೇಳಿದ್ದೇಕೆ ಎಂಬುದು ಮುಖ್ಯ. ಹೌದು ಎಂದರೆ ಆಂಬುಲೆನ್ಸ್ ಬರುತ್ತದೆ, ಬಾಗಿಲಿಗೆ ತಗಡು ಹೊಡೆಯುತ್ತಾರೆ, ಎಮ್ಮೆಗೆ ನೀರು ಕುಡಿಸುವವರಿರುವುದಿಲ್ಲ. ದವಾಖಾನೆಯಲ್ಲಿ ಸತ್ತರೆ ಮುಖ ನೋಡಲೂ ಬಿಡುವುದಿಲ್ಲ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಒಂದೇ ಗುಂಡಿಗೆ ಎಸೆದ ವಿಡಿಯೊ ಮೊಬೈಲ್‌ನಿಂದ ಮೊಬೈಲಿಗೆ ಹರಿದಾಡಿತು. ಆಮೇಲೆ ಕ್ಷಮೆ ಕೇಳಿದ್ದೂ ಆಯಿತು. ಆದರೆ ಇಂಥ ವಿಡಿಯೊ ನೋಡಿದವರ ಮನಸ್ಸಿನಲ್ಲಿ ಎಷ್ಟು ಜ್ವರಗಳು ಬಚ್ಚಿಟ್ಟುಕೊಂಡವೋ. ಶವಸಂಸ್ಕಾರದ ನಿಯಮವನ್ನು ಪರೀಕ್ಷೆ, ಲಸಿಕೆಗಳಷ್ಟೇ ಗಂಭೀರವಾಗಿ ರೂಪಿಸಬೇಕು ಎನ್ನುವುದು ಇದಕ್ಕೇ.

ಒಂದೇ ಕೋಣೆ, ಒಂದು ಪಡಸಾಲೆಯ ಮನೆಯಲ್ಲಿ ಬೇರೆ ಇರಿ ಎಂಬ ಸಲಹೆಗೆ ಅರ್ಥವಿಲ್ಲ. ಅದನ್ನು ಅರಿತೇ 2021ರ ಮೇನಲ್ಲಿ ಹಳ್ಳಿಯ ಸೋಂಕಿತರನ್ನು ಮನೆಯಲ್ಲಿಡದೆ ಆರೈಕೆ ಕೇಂದ್ರಕ್ಕೆ ತರಬೇಕು ಎಂದು ರಾಜ್ಯ ತೀರ್ಮಾನಿಸಿತು. ತೀರ್ಮಾನ ಸರಿಯಾದದ್ದೇ. ಆದರೆ ತಾಲೂಕು ಕೇಂದ್ರದ ಹಾಸ್ಟೆಲಿಗೆ 30 ಕಿ.ಮೀ. ಹೋಗುವವರಿಗಿಂತ ಊರ ಶಾಲೆಗೆ ಹೋಗುವವರು ಹೆಚ್ಚು. ಅಲ್ಲಿ ನೀರು ಬರುವ ಪಾಯಖಾನೆ, ಹೆಂಗಸರಿಗೆ ಬೇರೆ ಕೋಣೆ, ಮನೆಯಿಂದ ರೊಟ್ಟಿ ತಂದು ಕಿಟಕಿಯಲ್ಲಿ ಕೊಡಲು ಅವಕಾಶ ಇದ್ದರೆ ಜನ ತಾವಾಗಿ ಬರುತ್ತಾರೆ. ಇವುಗಳಲ್ಲಿ ಪಾಯಖಾನೆಗೇ ಮೊದಲ ಸ್ಥಾನ.

ಆಕ್ಸಿಮೀಟರ್ ಹಚ್ಚುವುದರಲ್ಲೂ ಎಡವುವುದಿದೆ. ಉಗುರುಬಣ್ಣ ಇದ್ದರೆ, ನೀರಲ್ಲಿ ಕೆಲಸ ಮಾಡಿ ಕೈ ತಣ್ಣಗಿದ್ದರೆ ಅಂಕಿ ತಪ್ಪು ಬರುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ಒಂದು ಕಡೆ ನಿಲ್ಲುವವರೆಗೆ ಒಂದು ನಿಮಿಷ ಕಾಯಬೇಕು. ಕೂತಾಗ 96 ಇದ್ದವರನ್ನೂ ಅಂಗಳದಲ್ಲಿ 6 ನಿಮಿಷ ನಡೆಸಿ ಮತ್ತೆ ನೋಡಬೇಕು. 94ಕ್ಕಿಂತ ಕೆಳಗೆ ಬಂದರೆ, ಅಥವಾ 3 ಅಂಕಿಗಿಂತ ಹೆಚ್ಚು ಇಳಿದರೆ ತಡ ಮಾಡುವಂತಿಲ್ಲ. ಮಾತಾಡುತ್ತ, ಚಹಾ ಕುಡಿಯುತ್ತ ಕೂತವರ ರಕ್ತದಲ್ಲೂ ಆಮ್ಲಜನಕ 85ಕ್ಕೆ ಇಳಿದಿರುವುದು ಈ ರೋಗದ ಕುತಂತ್ರ. ಇಂಥ ಹೊತ್ತಲ್ಲಿ ಊರ ಆರ್‌ಎಂಪಿ (ಡಿಗ್ರಿ ಇಲ್ಲದ ಹಳ್ಳಿ ಡಾಕ್ಟರ್) ಹತ್ತಿರ ಮೂರು ದಿನ ಗ್ಲೂಕೋಸ್ ಏರಿಸಿಕೊಂಡವರು ದೊಡ್ಡಾಸ್ಪತ್ರೆಗೆ ಬಂದದ್ದು ಕೈಮೀರಿದ ಮೇಲೆ. ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಔಷಧ ಆಮ್ಲಜನಕ ಬೇಕಾದವರ ಜೀವ ಉಳಿಸುತ್ತದೆ ಎಂಬುದು 2020ರ ಜೂನ್‌ನಲ್ಲೇ ಗೊತ್ತಾಗಿತ್ತು. ಆಮ್ಲಜನಕ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ ಎಂಬ ಉಳಿದರ್ಧ ಹಳ್ಳಿ ಮುಟ್ಟಲಿಲ್ಲ. ಆರ್‌ಎಂಪಿಗಳ ಮೇಲೆ ಕೇಸು ಹಾಕುವುದಷ್ಟನ್ನೇ ಮಾಡಿದರೆ ರೋಗಿ ಕದ್ದು ಹೋಗುತ್ತಾನೆ. ಅವರ ಕೈಗೂ ಒಂದು ಆಕ್ಸಿಮೀಟರ್ ಕೊಟ್ಟು, 94ಕ್ಕಿಂತ ಕೆಳಗೆ ಇಳಿದವರನ್ನು ದೊಡ್ಡಾಸ್ಪತ್ರೆಗೆ ಕಳಿಸಲೇಬೇಕು ಎಂದು ಒಪ್ಪಿಸುವುದು ಮೇಲು. ಇದಕ್ಕೆ ವೈದ್ಯರ ವಲಯದಲ್ಲಿ ವಿರೋಧ ಇದೆ, ಗೊತ್ತಿದೆ.

ಆಮ್ಲಜನಕದ ವಿಷಯದಲ್ಲಿ ಬಳ್ಳಾರಿಯದು ದೀಪದ ಕೆಳಗಿನ ಕತ್ತಲೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರುಗಳು ಬೇರೆ ರಾಜ್ಯಗಳಿಗೂ ಹೋದವು. ಕಾರ್ಖಾನೆಯ ಪಕ್ಕದಲ್ಲೇ ಕೊಳವೆಯಲ್ಲಿ ಅನಿಲ ತಂದು ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆಯನ್ನೂ ಯೋಜಿಸಿದರು. ಆದರೆ ತಾಲೂಕು ಆಸ್ಪತ್ರೆಯ ಲೆಕ್ಕ ಬೇರೆ. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು ಹನ್ನೊಂದೂವರೆ ತಾಸು. ಇಂಥ 20 ರೋಗಿಗಳಿದ್ದರೆ ದಿನಕ್ಕೆ 41 ಸಿಲಿಂಡರ್. ತುಂಬಿಸಿ ತರಲು 60 ಕಿ.ಮೀ. ಹೋಗಬೇಕಾದರೆ ಇನ್ನೊಂದು 41 ದಾರಿಯಲ್ಲಿರಬೇಕು. ಕೊರತೆ ಅನಿಲದ್ದಲ್ಲ, ಖಾಲಿ ಸಿಲಿಂಡರಿನದು, ಲಾರಿಯದು, ರಾತ್ರಿ ಎರಡಕ್ಕೆ ವಾಲ್ವ್ ಬದಲಿಸುವ ಕೈಗಳದು.

ಲಸಿಕೆಯಲ್ಲೂ ಸಣ್ಣ ವಿಷಯವೇ ದೊಡ್ಡದಾಯಿತು. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 10 ಡೋಸ್, ತೆರೆದ ಮೇಲೆ 4 ತಾಸಿನೊಳಗೆ ಮುಗಿಸಬೇಕಿತ್ತು. ವೇಸ್ಟ್ ಆದರೆ ಮೇಲಿನವರು ಕೇಳುತ್ತಿದ್ದರು. ಹಾಗಾಗಿ ಸಿಸ್ಟರ್ ಎಂಟು ಹತ್ತು ಜನ ಸೇರುವವರೆಗೆ ತೆರೆಯುತ್ತಿರಲಿಲ್ಲ. ಮೊದಲು ಬಂದ ಮೂವರು ಮುದುಕರು ಕಾದು ಎದ್ದು ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಸಣ್ಣ ಊರುಗಳಲ್ಲಿ ಒಂದಿಷ್ಟು ವೇಸ್ಟ್ ಆದರೂ ಸರಿ ಎಂದು ಬರವಣಿಗೆಯಲ್ಲಿ ಕೊಟ್ಟರೆ ಸಾಕಿತ್ತು. ಶಿಬಿರದ ವೇಳೆಯೂ ಹಾಗೆಯೇ. ಸಿಂಧನೂರು, ಗಂಗಾವತಿ, ಕಾರಟಗಿ ಕಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಹೆಂಗಸರು ಬೆಳಿಗ್ಗೆ 7ಕ್ಕೆ ಟಂಟಂ ಹತ್ತಿರುತ್ತಾರೆ. 10ರಿಂದ 4ರ ಶಿಬಿರಕ್ಕೆ ಯಾರು ಬರಬೇಕು? ಸಂಜೆ 6ಕ್ಕೆ ಗುಡಿ ಕಟ್ಟೆಯಲ್ಲಿ ಇಟ್ಟುಕೊಂಡರೆ ಅದೇ ಊರಲ್ಲಿ ಸೀಸೆ ಸಾಲುವುದಿಲ್ಲ. ಎರಡನೇ ಡೋಸಿನ ಅಂತರ ಮೊದಲು 4–6 ವಾರ, 2021ರ ಮಾರ್ಚ್‌ನಲ್ಲಿ 6–8, ಮೇನಲ್ಲಿ 12–16 ವಾರ ಎಂದಾಯಿತು. ಹೇಳಿದ ದಿನ ಬಂದು ವಾಪಸ್ ಹೋದವರಿಗೆ ಕಾರಣ ಹೇಳಿದ ಕಡೆ ನಂಬಿಕೆ ಉಳಿಯಿತು. ಹೇಳದ ಕಡೆ 'ಇವರಿಗೇ ಗೊತ್ತಿಲ್ಲ' ಎಂಬ ಮಾತು ಹುಟ್ಟಿತು. ಇದನ್ನೆಲ್ಲ ಹೊತ್ತವರು 2020ರ ಜುಲೈನಲ್ಲಿ 12,000 ರೂಪಾಯಿ ಗೌರವಧನಕ್ಕಾಗಿ ಕೆಲಸ ನಿಲ್ಲಿಸಿ ಕೂತಿದ್ದ ಅದೇ ಆಶಾ ಕಾರ್ಯಕರ್ತೆಯರು.

ನಿಮ್ಮ ಊರಿನದು ನಿಜವಾಗಿ ಏನಾಯಿತು ಎಂದು ತಿಳಿಯಲು ಕೊರೊನಾ ಸಾವಿನ ಪಟ್ಟಿ ನಂಬಬೇಡಿ. ಪರೀಕ್ಷೆಯೇ ಆಗದೆ ಸತ್ತವರು ಅದರಲ್ಲಿಲ್ಲ. 2020 ಮತ್ತು 2021ಕ್ಕೆ ಭಾರತದಲ್ಲಿ ಹೆಚ್ಚುವರಿ ಸಾವು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ, ಆ ಅಂದಾಜನ್ನು ಅದು ಒಪ್ಪಲಿಲ್ಲ. ನೀವು ಆಗ ಗ್ರಾಮ ಲೆಕ್ಕಾಧಿಕಾರಿಯ ಹತ್ತಿರ ಇದ್ದ ಮರಣ ನೋಂದಣಿ ನೋಡಿ. 2017, 18, 19ರ ಸಾವುಗಳನ್ನು ತಿಂಗಳವಾರು ಬರೆದು ಸರಾಸರಿ ತೆಗೆಯಿರಿ, ಪಕ್ಕದಲ್ಲಿ 2021ನ್ನು ಇಡಿ. ಪಕ್ಕದೂರಿಗೂ ಹಾಗೆಯೇ ಮಾಡಿ. ಎಷ್ಟೋ ಸಲ 'ಅಲ್ಲಿ ಏನೂ ಆಗಲಿಲ್ಲ' ಎಂಬ ಮಾತೇ ಇಲ್ಲಿ ಸುಳ್ಳಾಗುತ್ತದೆ. ವ್ಯತ್ಯಾಸ ನಿಜವಾಗಿಯೂ ಇದ್ದರೆ ತಾರೀಖು ನೋಡಿ. ಹೆಚ್ಚುವರಿ ಸಾವು ಮೇ ಮೂರನೇ ವಾರದಲ್ಲಿ ಗುಡ್ಡೆಬಿದ್ದಿದ್ದರೆ ಎರಡು ಮೂರು ವಾರ ಹಿಂದಕ್ಕೆ ಎಣಿಸಿ, ಏಪ್ರಿಲ್ ಕೊನೆಯ ಆ ಬಸ್ಸುಗಳ ಹತ್ತಿರಕ್ಕೆ ಬರುತ್ತೀರಿ. ಆಗ ಎರಡೂ ಊರಲ್ಲಿ ಗುಳೆ ಹೋದ ಮನೆ ಎಷ್ಟಿದ್ದವು, ಬಂದವರು ಎಲ್ಲಿ ಇಳಿದರು, ಏಪ್ರಿಲ್ ಮುಗಿಯುವ ಹೊತ್ತಿಗೆ 60 ದಾಟಿದ ಎಷ್ಟು ಜನಕ್ಕೆ ಮೊದಲ ಡೋಸ್ ಆಗಿತ್ತು ಎಂದು ಕೇಳಿ. ಮೊದಲೆರಡು ಹಿರಿಯರ ನೆನಪಿನಲ್ಲಿವೆ, ಮೂರನೆಯದು ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿದೆ.