ಟೂತ್‌ಬ್ರಷ್‌ನ ಹೊಟ್ಟೆ ಬಿಚ್ಚುವ ಮುನ್ನ

ರಿಪೇರಿಗೆ ಬರುವ ಎಲೆಕ್ಟ್ರಿಕ್ ಟೂತ್‌ಬ್ರಷ್‌ಗಳ ಜೊತೆ ಬರುವ ದೂರು ಹೆಚ್ಚಾಗಿ ಒಂದೇ: ‘ಮೊದಲು ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತಿತ್ತು. ಈಗ ರಾತ್ರಿಯಿಡೀ ಚಾರ್ಜಿಗಿಟ್ಟರೂ ಅರ್ಧ ಬಾಯಿ ಉಜ್ಜುವಷ್ಟರಲ್ಲಿ ನಿಂತುಬಿಡುತ್ತದೆ.’ ತಂದವರ ಮುಖದಲ್ಲಿ ಸಣ್ಣ ಸಂಕೋಚವೂ ಇರುತ್ತದೆ. ಹಲ್ಲುಜ್ಜುವ ಬ್ರಷ್ಷನ್ನು ಯಾರಾದರೂ ರಿಪೇರಿಗೆ ಕೊಡುತ್ತಾರೆಯೇ ಎಂಬ ಸಂಕೋಚ. ಕೊಡಬಹುದು. ಮೋಟಾರು, ಗಿಯರು, ಸ್ವಿಚ್ಚು ಎಲ್ಲವೂ ಗಟ್ಟಿಮುಟ್ಟಾಗಿದ್ದು, ಒಳಗಿರುವ ಬೆರಳುದ್ದದ ಸೆಲ್ ಒಂದೇ ಮುದಿಯಾಗಿರುವ ಬ್ರಷ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈ ರೋಗ ಹೊಸದಲ್ಲ. 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬ್ರಾಕ್ಸೋಡೆಂಟ್ ಎಂಬ ಎಲೆಕ್ಟ್ರಿಕ್ ಬ್ರಷ್ ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಬಳಸುವಂಥದ್ದು. ಒದ್ದೆ ಕೈ, ಒದ್ದೆ ನೆಲ, ಮೇನ್ಸ್ ಕರೆಂಟು: ನೆನೆದರೇ ಹಲ್ಲು ಜುಮ್ಮೆನ್ನುತ್ತದೆ. 1961ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ತಂತಿಯಿಲ್ಲದ ಬ್ರಷ್ ತಂದಿತು. ಅದರೊಳಗಿದ್ದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದನ್ನು ಹಿಡಿಯೊಳಗೆ ಬಿಚ್ಚಲಾಗದಂತೆ ಮುಚ್ಚಿಬಿಟ್ಟಿದ್ದರಿಂದ, ಬ್ಯಾಟರಿ ಸತ್ತ ದಿನ ಬ್ರಷ್ಷೂ ಕಸದ ಬುಟ್ಟಿ ಸೇರುತ್ತಿತ್ತು. ಆಮೇಲೆ ಬ್ಯಾಟರಿಯ ರಸಾಯನ ಎರಡು ಸಲ ಬದಲಾಯಿತು. ಮುಚ್ಚುವ ರೂಢಿ ಹಾಗೆಯೇ ಉಳಿಯಿತು.

ಹಾಗೆಂದು ತಯಾರಕರನ್ನು ಬೈದು ಮುಗಿಸುವಂತಿಲ್ಲ. ದಿನಕ್ಕೆರಡು ಸಲ ನೊರೆಯಲ್ಲಿ ಮಿಂದು ನಲ್ಲಿಯ ಕೆಳಗೆ ತೊಳೆಸಿಕೊಳ್ಳುವ ಯಂತ್ರ ಇದು. ಚಾರ್ಜ್ ಮಾಡಲು ಹೊರಗೆ ಲೋಹದ ಒಂದು ಚುಕ್ಕೆ ಇಟ್ಟರೂ ತುಕ್ಕು ಹಿಡಿಯುತ್ತದೆ. ಆದ್ದರಿಂದಲೇ ಚಾರ್ಜರಿನ ಪೀಠದಲ್ಲಿ ತಾಮ್ರದ ಒಂದು ಸುರುಳಿ, ಬ್ರಷ್ಷಿನ ತಳದಲ್ಲಿ ಇನ್ನೊಂದು, ನಡುವೆ ಬರೀ ಪ್ಲಾಸ್ಟಿಕ್. ಪೀಠದ ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ಹುಟ್ಟಿಸುವ ಕಾಂತಕ್ಷೇತ್ರವು ಬ್ರಷ್ಷಿನ ಸುರುಳಿಯಲ್ಲೂ ವಿದ್ಯುತ್ತನ್ನು ಎಬ್ಬಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇಲ್ಲಿ ಹಲ್ಲುಜ್ಜುವ ಕೆಲಸಕ್ಕೆ ನಿಂತಿದೆ. ಈ ವಿವರಣೆ ಏಕೆಂದರೆ, ಬ್ರಷ್ ಚಾರ್ಜ್ ಆಗದಿದ್ದರೆ ತಪ್ಪು ಯಾವಾಗಲೂ ಬ್ಯಾಟರಿಯದೇ ಆಗಿರಬೇಕಿಲ್ಲ. ಪೀಠವೇ ಕೆಟ್ಟಿರಬಹುದು, ಬ್ರಷ್ಷಿನ ಸುರುಳಿಯ ಕೂದಲಿನಂಥ ತಂತಿ ಕಡಿದಿರಬಹುದು, ಸ್ವಿಚ್ಚಿನೊಳಗೆ ನೀರು ಇಳಿದಿರಬಹುದು. ಅದೇ ಮಾದರಿಯ ಇನ್ನೊಂದು ಬ್ರಷ್ ಮನೆಯಲ್ಲಿದ್ದರೆ ಅದನ್ನು ಈ ಪೀಠದ ಮೇಲಿಟ್ಟು ನೋಡಿ. ಐದು ನಿಮಿಷದ ಈ ಪರೀಕ್ಷೆಯಿಂದ ಎಷ್ಟೋ ಬ್ರಷ್‌ಗಳು ವೃಥಾ ಶಸ್ತ್ರಚಿಕಿತ್ಸೆಯಿಂದ ಪಾರಾಗಿವೆ.

ಬಿಚ್ಚಿದ ಮೇಲೂ ಮಲ್ಟಿಮೀಟರಿನ ಮಾತನ್ನು ಪೂರ್ತಿ ನಂಬಬಾರದು. ಮುದಿ ನಿಕಲ್ ಸೆಲ್ ಸುಮ್ಮನೆ ಕುಳಿತಾಗ 1.3 ವೋಲ್ಟ್ ತೋರಿಸಿ ಚೆನ್ನಾಗಿಯೇ ಇದ್ದೇನೆ ಎನ್ನುತ್ತದೆ. ಜಗುಲಿಯ ಮೇಲೆ ಕೂತು ಗಟ್ಟಿ ದನಿಯಲ್ಲಿ ಮಾತನಾಡುವ ಅಜ್ಜನಿಗೆ ಮೆಟ್ಟಿಲು ಹತ್ತಲು ಹೇಳಿದಾಗಲೇ ಏದುಸಿರು ತಿಳಿಯುವುದು. ಮೋಟಾರು ತಿರುಗುತ್ತಿರುವಾಗಲೇ ಅಳೆಯಿರಿ. ನಿಕಲ್ ಸೆಲ್ ಆಗ 1 ವೋಲ್ಟಿಗಿಂತ ಕೆಳಗೆ ಕುಸಿದರೆ ಅದರ ಆಯುಷ್ಯ ಮುಗಿದಂತೆಯೇ.

ಇನ್ನು ಸೆಲ್‌ನ ಜಾತಿ. ಇಲ್ಲಿ ಎಡವಿದರೆ ನಷ್ಟ ಬ್ರಷ್ಷಿಗಷ್ಟೇ ಸೀಮಿತವಾಗುವುದಿಲ್ಲ. ಒಳಗಿರುವುದು ನಿಕಲ್-ಮೆಟಲ್ ಹೈಡ್ರೈಡ್ ಆದರೆ ಹೊದಿಕೆಯ ಮೇಲೆ 1.2 ವೋಲ್ಟ್ ಎಂದಿರುತ್ತದೆ, ಲಿಥಿಯಂ-ಅಯಾನ್ ಆದರೆ 3.6 ಅಥವಾ 3.7 ವೋಲ್ಟ್. ನೋಡಲು ಇವೆರಡೂ ಅವಳಿಗಳು. 14500 ಎಂದು ಬರೆದ ಲಿಥಿಯಂ ಸೆಲ್ ಎಂದರೆ 14 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದ. ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್‌ನದೇ ಗಾತ್ರ ಎನ್ನಬಹುದು. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. ನಿಕಲ್ ಬ್ರಷ್ಷಿಗೆ ಲಿಥಿಯಂ ಹಾಕಿದರೆ ಮೋಟಾರಿಗೂ ಸರ್ಕ್ಯೂಟ್ ಬೋರ್ಡಿಗೂ ಮೂರು ಪಟ್ಟು ವೋಲ್ಟೇಜ್. ಲಿಥಿಯಂ ಬ್ರಷ್ಷಿಗೆ ನಿಕಲ್ ಹಾಕಿದರೆ, ಸೆಲ್ ಪೂರ್ತಿ ಬರಿದಾಗಿ ಕೆಟ್ಟಿದೆ ಎಂದು ಬೋರ್ಡು ತೀರ್ಮಾನಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಲಿಥಿಯಂ ಸೆಲ್‌ನ ಚಾರ್ಜನ್ನು 4.2 ವೋಲ್ಟಿಗೆ ನಿಖರವಾಗಿ ನಿಲ್ಲಿಸಬೇಕು. ಸಾದಾ ನಿಕಲ್ ಬ್ರಷ್‌ಗಳ ಸರ್ಕ್ಯೂಟ್ ಸಣ್ಣ ಪ್ರಮಾಣದ ಕರೆಂಟನ್ನು ಗಂಟೆಗಟ್ಟಲೆ ತೊಟ್ಟಿಕ್ಕಿಸುತ್ತಿರುತ್ತದೆ ಅಷ್ಟೆ. ಹಳೆಯ ನಿಕಲ್-ಕ್ಯಾಡ್ಮಿಯಂ ಇದ್ದಲ್ಲಿ ಮೆಟಲ್ ಹೈಡ್ರೈಡ್ ಹಾಕುವುದು ಮಾತ್ರ ಸಾಮಾನ್ಯವಾಗಿ ನಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಸಾದಾ ಆಲ್ಕಲೈನ್ ಸೆಲ್ ಹಾಕಿ ಚಾರ್ಜರಿನ ಮೇಲಿಟ್ಟವರೂ ಉಂಟು. ಅದು ರೀಚಾರ್ಜಿಗೆ ಹುಟ್ಟಿದ್ದಲ್ಲ. ಒಳಗೆ ಅನಿಲ ತುಂಬಿ ಸೋರುತ್ತದೆ.

ಗಾತ್ರವನ್ನು ಕಣ್ಣಳತೆಯಲ್ಲಿ ತೆಗೆದುಕೊಳ್ಳಬೇಡಿ. ಕೆಲವು ಬ್ರಷ್‌ಗಳಲ್ಲಿ ಎಎ ಗಾತ್ರಕ್ಕಿಂತ ಗಿಡ್ಡವೂ ದಪ್ಪವೂ ಆದ ಸೆಲ್ ಇರುತ್ತದೆ. ಎಎ ಇದ್ದಲ್ಲಿಯೂ ಧನ ತುದಿಯ ಗುಬಟು ಇಲ್ಲದ ಚಪ್ಪಟೆ ತಲೆಯ ಸೆಲ್ಲೇ ಇರುವುದು ಹೆಚ್ಚು. ಗುಬಟಿನ ಒಂದೂವರೆ ಮಿಲಿಮೀಟರಿಗಾಗಿ ಮುಚ್ಚಳ ಕೂರದೆ ಗಂಟೆಗಟ್ಟಲೆ ಒದ್ದಾಡಬೇಕಾಗುತ್ತದೆ. ಸೆಲ್‌ನಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆಂದು ಹೇಳುವ ಮಿಲಿಆಂಪಿಯರ್-ಅವರ್ ಸಂಖ್ಯೆ ಹಳೆಯದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ತುಂಬಲು ಹೊತ್ತು ಹಿಡಿಯುತ್ತದೆ ಅಷ್ಟೆ. ಆದರೆ ಎಎ ಗಾತ್ರದ ನಿಕಲ್ ಸೆಲ್ ಮೇಲೆ 3600 ಎಂದೋ, 14500 ಲಿಥಿಯಂ ಮೇಲೆ 2500 ಎಂದೋ ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಆ ಡಬ್ಬಿಯಲ್ಲಿ ಅಷ್ಟು ಹಿಡಿಯುವುದಿಲ್ಲ. ಸುಳ್ಳು ಅಂಕಿ ಅಚ್ಚು ಮಾಡಿದವನು ಒಳಗೆ ಏನು ತುಂಬಿದ್ದಾನೋ ಬಲ್ಲವರಾರು.

ಕೊಳ್ಳುವಾಗ ಎರಡೂ ತುದಿಗೆ ನಿಕಲ್ ಪಟ್ಟಿ ಬೆಸೆದ ಸೆಲ್ಲನ್ನೇ ಕೇಳಿ. ನನ್ನ ಮಟ್ಟಿಗೆ ಇದು ಚೌಕಾಸಿಯಿಲ್ಲದ ನಿಯಮ. ಸೋಲ್ಡರಿಂಗ್ ಐರನ್‌ನ ತುದಿ 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದನ್ನು ಸೆಲ್‌ನ ಮೈಗೇ ಒತ್ತಿದರೆ ಒಳಗೆ ಎರಡು ಧ್ರುವಗಳನ್ನು ಬೇರ್ಪಡಿಸುವ ತೆಳು ಪೊರೆ ಕರಗಬಹುದು, ತುದಿಯ ಪ್ಲಾಸ್ಟಿಕ್ ಮುದ್ರೆ ಸಡಿಲವಾಗಬಹುದು. ನಿಕಲ್ ಸೆಲ್ ಆದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ, ಲಿಥಿಯಂ ಆದರೆ ಬೆಂಕಿ. ಪಟ್ಟಿಯಿದ್ದರೆ ಅದರ ತುದಿಗೆ ಎರಡು ಮೂರು ಸೆಕೆಂಡು ಬಿಸಿ ತಾಗಿಸಿದರೆ ಮುಗಿಯಿತು. ಊದಿಕೊಂಡ ಲಿಥಿಯಂ ಸೆಲ್ ಕಂಡರೆ ಅಲ್ಲಿಗೇ ನಿಲ್ಲಿಸಿ, ಚೂಪಾದ ಯಾವುದನ್ನೂ ಅದರ ಹತ್ತಿರ ಒಯ್ಯಬೇಡಿ. ಬೆಸುಗೆ ಹಾಕಿ ಅಭ್ಯಾಸವಿಲ್ಲದವರು ಲಿಥಿಯಂ ಬ್ರಷ್ಷಿನಿಂದ ಕಲಿಕೆ ಆರಂಭಿಸುವುದು ಬೇಡವೇ ಬೇಡ.

ಬಿಚ್ಚುವುದು ಬಹುತೇಕ ತಳದಿಂದ. ಕೆಲವು ಮಾದರಿಗಳಲ್ಲಿ ತಳದ ಮುಚ್ಚಳವನ್ನು ತಿರುಗಿಸಿದರೆ ಕಳಚುತ್ತದೆ, ಕೆಲವದರ ಚಾರ್ಜರ್ ಪೀಠವನ್ನೇ ಕೀಲಿಯಂತೆ ಬಳಸಬಹುದು. ಬಳಕೆಯ ಕೈಪಿಡಿಯ ಕೊನೆಯ ಪುಟಗಳಲ್ಲಿ ‘ಬ್ಯಾಟರಿ ವಿಲೇವಾರಿ’ ಎಂಬ ತಲೆಬರಹದಡಿ ಬಿಚ್ಚುವ ಚಿತ್ರ ಇರುತ್ತದೆ, ಜೊತೆಗೆ ಬಿಚ್ಚಿದರೆ ಉಪಕರಣ ಹಾಳಾಗುತ್ತದೆ ಎಂಬ ಎಚ್ಚರಿಕೆಯೂ. ಹೆಣದ ಪರೀಕ್ಷೆಗೆಂದು ಬರೆದ ಆ ಪುಟವೇ ನಮಗೆ ಶಸ್ತ್ರಚಿಕಿತ್ಸೆಯ ನಕ್ಷೆ. ಬ್ರಷ್ಷಿನ ತಲೆ ಕಳಚಿ, ಮೇಲಿನ ಲೋಹದ ಕಡ್ಡಿಯನ್ನು ಮೇಜಿಗೆ ಒತ್ತಿದರೆ ಒಳಗಿನ ಚೌಕಟ್ಟು ತಳದಿಂದ ಹೊರಗೆ ಜಾರುತ್ತದೆ. ಜಾರಿದ ತಕ್ಷಣ ಫೋಟೊ ತೆಗೆಯಿರಿ: ಧನ ಯಾವ ಕಡೆ, ಋಣ ಯಾವ ಕಡೆ. ನೆನಪಿನಲ್ಲಿರುತ್ತದೆ ಎಂದುಕೊಂಡು ಮುಂದುವರಿದ ನಾನು ಒಮ್ಮೆ ಸೆಲ್ಲನ್ನು ತಿರುಗುಮುರುಗಾಗಿ ಬೆಸೆದು, ಚೆನ್ನಾಗಿದ್ದ ಬೋರ್ಡನ್ನು ಒಂದು ಕ್ಷಣದಲ್ಲಿ ಸುಟ್ಟಿದ್ದೇನೆ.

ಇಲ್ಲಿ ಕೈ ನಿಧಾನವಾಗಬೇಕಾದದ್ದು ತಳದ ಸುರುಳಿಯ ಹತ್ತಿರ. ಅದರ ಎರಡು ತಂತಿಗಳು ಬೋರ್ಡಿಗೆ ಅಂಟಿಕೊಂಡಿರುತ್ತವೆ. ಸೆಲ್ ಎಳೆಯುವ ಭರದಲ್ಲಿ ಅವು ಕಡಿದರೆ ಮತ್ತೆ ಜೋಡಿಸಲು ಮೇಲಿನ ಎನಾಮಲ್ ಕೆರೆದು, ಭೂತಗನ್ನಡಿ ಹಿಡಿದು ಕೂರಬೇಕು. ಮೊದಲೇ ಬೆಸುಗೆ ಕರಗಿಸಿ ಸುರುಳಿಯನ್ನು ಬಿಡಿಸಿಕೊಂಡರೆ ಆ ಪಾಡಿಲ್ಲ. ಹಳೆಯ ನಿಕಲ್ ಸೆಲ್ ಸೋರಿದ್ದರೆ ಬೋರ್ಡಿನ ಮೇಲೆ ಬಿಳಿಯ ಹಕ್ಕಳೆ ಕಾಣುತ್ತದೆ. ಅದು ಸೆಲ್‌ನೊಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗಾಳಿಯೊಡನೆ ಸೇರಿ ಗಟ್ಟಿಯಾದದ್ದು. ಕ್ಷಾರವಾದ್ದರಿಂದ ವಿನೆಗರ್ ತಾಗಿಸಿದ ಹತ್ತಿಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಶುಚಿ ಮಾಡಿದರೆ ಹೋಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಹೊಸ ಸೆಲ್ ಬೆಸೆದು, ಮುಚ್ಚುವ ಮೊದಲೇ ಒಮ್ಮೆ ಓಡಿಸಿ ನೋಡಿದಾಗ ಬರುವ ಆ ಗುಂಯ್‌ ಶಬ್ದ ಕೇಳಿ ಎಲ್ಲರೂ ಕೆಲಸ ಮುಗಿಯಿತೆಂದು ಬೀಗುತ್ತಾರೆ. ನಾನೂ ಬೀಗಿದ್ದೆ. ವೃತ್ತಿಯ ಆರಂಭದಲ್ಲಿ ಹೀಗೆ ಖುಷಿಯಿಂದ ಮುಚ್ಚಿ ಕೊಟ್ಟ ಬ್ರಷ್ ಮೂರನೆಯ ವಾರ ವಾಪಸು ಬಂತು. ಒಳಗೆ ಹಸಿರು ಪಾಚಿಯಂಥ ತಾಮ್ರದ ಕಿಲುಬು, ಬೋರ್ಡಿನ ತುಂಬ ಪೇಸ್ಟಿನ ವಾಸನೆ. ಸೆಲ್ ಮಾತ್ರ ಹೊಸದರಂತೆ 1.3 ವೋಲ್ಟ್ ತೋರಿಸುತ್ತಿತ್ತು! ತಳದ ರಬ್ಬರ್ ಉಂಗುರ ಒಣಗಿ ಗಟ್ಟಿಯಾಗಿದ್ದನ್ನು ಹಾಗೆಯೇ ಕೂರಿಸಿದ್ದೆ. ಬ್ಯಾಟರಿ ಬದಲಿಸುವುದು ಬೆಸುಗೆಯ ಕೆಲಸ ಎಂದುಕೊಂಡಿದ್ದವನಿಗೆ ಇದು ಮೂಲತಃ ನೀರು ತಡೆಯುವ ಕೆಲಸ ಎಂದು ತಿಳಿದದ್ದು ಆಗ. ಈಗ ಉಂಗುರವನ್ನು ಬೆರಳಲ್ಲಿ ಹಿಂಡಿ ನೋಡುತ್ತೇನೆ, ಬಿರುಕಿದ್ದರೆ ಬದಲಿಸುತ್ತೇನೆ, ಅದು ಕೂರುವ ತೋಡಿನಲ್ಲಿ ಒಂದು ಕೂದಲೂ ಇಲ್ಲದಂತೆ ಒರೆಸಿ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರುತ್ತೇನೆ. ಪೆಟ್ರೋಲಿಯಂ ಜೆಲ್ಲಿ ಬೇಡ, ಎಷ್ಟೋ ಬಗೆಯ ರಬ್ಬರ್ ಅದರಿಂದ ಊದಿಕೊಳ್ಳುತ್ತದೆ. ಮೇಲೆ ಲೋಹದ ಕಡ್ಡಿ ಹೊರಬರುವ ಕಡೆ ಇರುವ ರಬ್ಬರ್ ಕಂಠವನ್ನೂ ನೋಡಬೇಕು. ಪೇಸ್ಟಿನ ನೀರು ಮೊದಲು ಇಳಿಯುವ ದಾರಿಯೇ ಅದು.

ಈ ನೀರಿನ ನೆಪ ಕಾನೂನಿನಲ್ಲೂ ಜಾಗ ಪಡೆದಿದೆ. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ, 2027ರ ಫೆಬ್ರುವರಿ 18ರಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಆದರೆ ಮುಖ್ಯವಾಗಿ ನೀರಿನ ನಡುವೆಯೇ ಕೆಲಸ ಮಾಡುವ, ತೊಳೆಯಬಹುದಾದ ಉಪಕರಣಗಳಿಗೆ ಸುರಕ್ಷತೆಯ ದೃಷ್ಟಿಯಿಂದ ರಿಯಾಯಿತಿ ಉಂಟು: ಸ್ವತಂತ್ರ ರಿಪೇರಿಗಾರರು ಬದಲಿಸುವಂತಿದ್ದರೆ ಸಾಕು. ನನ್ನಂಥವರಿಗೆ ಕೆಲಸ ಸಿಗುತ್ತದೆ ಎಂದು ಸಂತೋಷಪಡಬೇಕೋ, ಮುಚ್ಚಳಕ್ಕೊಂದು ಸ್ಕ್ರೂ ಹಾಕಲು ಇಷ್ಟು ಹಿಂಜರಿಕೆಯೇ ಎಂದು ಸಿಡುಕಬೇಕೋ ಗೊತ್ತಾಗುವುದಿಲ್ಲ. ನೀರಿನಾಳಕ್ಕೆ ಇಳಿಯುವವರ ಟಾರ್ಚುಗಳ ಬ್ಯಾಟರಿಯನ್ನು ಜನ ಕೈಯಿಂದಲೇ ತಿರುಪು ಬಿಚ್ಚಿ ಬದಲಿಸುತ್ತಾರಲ್ಲ.

ಮುಚ್ಚಿದ ಮೇಲೆ ನನ್ನ ಪರೀಕ್ಷೆ ಸೈಕಲ್ ಪಂಕ್ಚರ್ ಹಾಕುವವರಿಂದ ಕಲಿತದ್ದು. ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಬ್ರಷ್ಷಿನ ಹಿಡಿಯನ್ನು ಅದ್ದಿ ಹಿಡಿದರೆ ಒಳಗಿನ ಗಾಳಿ ಬಿಸಿಗೆ ಹಿಗ್ಗುತ್ತದೆ. ಸಂದಿಯಿದ್ದರೆ ಅಲ್ಲಿಂದ ಗುಳ್ಳೆ ಏಳುತ್ತದೆ. ಎದ್ದರೆ ತಕ್ಷಣ ಹೊರತೆಗೆದು ಒರೆಸಿ ಮತ್ತೆ ಬಿಚ್ಚಬೇಕು, ಏಕೆಂದರೆ ಹಿಗ್ಗಿದ ಗಾಳಿ ತಣ್ಣಗಾಗುವಾಗ ಅದೇ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗುಳ್ಳೆ ಬಾರದಿದ್ದರೆ ಒರೆಸಿ, ಒಂದು ಪೂರ್ತಿ ರಾತ್ರಿ ಚಾರ್ಜಿಗೆ ಇಡುತ್ತೇನೆ. ತೆಗೆದ ಹಳೆಯ ಸೆಲ್‌ನ ಎರಡೂ ತುದಿಗೆ ಟೇಪು ಸುತ್ತಿ ಇ-ತ್ಯಾಜ್ಯದ ಡಬ್ಬಿಗೆ ಹಾಕುತ್ತೇನೆ.

ಮುಚ್ಚುವುದಕ್ಕೆ ಮೊದಲು ಮಾಡುವ ಸಣ್ಣ ಕೆಲಸವೊಂದನ್ನು ಹೇಳಲು ಮರೆತೆ. ಹೊಸ ಸೆಲ್‌ನ ಮೈಮೇಲೆ ಅಳಿಸದ ಪೆನ್ನಿನಿಂದ ತಿಂಗಳು, ವರ್ಷ ಮತ್ತು ‘+’ ಗುರುತು ಯಾವ ಕಡೆಗೆ ಎಂದು ಬರೆದಿಡುತ್ತೇನೆ. ಕೆಲವು ವರ್ಷಗಳ ನಂತರ ಆ ಬ್ರಷ್ ಬಿಚ್ಚುವವನು ಬಹುಶಃ ನಾನೇ ಆಗಿರುತ್ತೇನೆ, ತೆಗೆದ ಫೋಟೊ ಅಷ್ಟರಲ್ಲಿ ಯಾವ ಹಳೆಯ ಮೊಬೈಲಿನಲ್ಲಿ ಉಳಿದಿರುತ್ತದೋ ಏನೋ.