ಬಾವುಟಗುಡ್ಡೆಯ ಏರಿನಲ್ಲಿ ರೇಸ್ ಕ್ಲಚ್

ಸ್ಪೋರ್ಟ್ಸ್ ಕಾರಿಗೆ ಪರ್ಫಾರ್ಮೆನ್ಸ್ ಕ್ಲಚ್ ಹಾಕಿಸಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಮಂಗಳೂರಿನ ಕಾರುಪ್ರಿಯ ಹುಡುಗರಲ್ಲೂ ಉಂಟು. ಕ್ಲಚ್ ಒಂದೇ ಒಂದು ಅಶ್ವಶಕ್ತಿಯನ್ನೂ ಹುಟ್ಟಿಸುವುದಿಲ್ಲ. ಎಂಜಿನ್ ಕೊಟ್ಟ ಟಾರ್ಕನ್ನು, ಅಂದರೆ ತಿರುಚುವ ಬಲವನ್ನು, ಜಾರದೆ ಗೇರ್‌ಬಾಕ್ಸಿಗೆ ದಾಟಿಸುವುದಷ್ಟೇ ಅದರ ಕೆಲಸ. ಕಂಪನಿ ಹಾಕಿದ ಕ್ಲಚ್ಚಿಗೆ ಎಂಜಿನ್ನಿನ ಗರಿಷ್ಠ ಟಾರ್ಕಿಗಿಂತ ತುಸು ಹೆಚ್ಚೇ ತಾಳಿಕೆ ಇರುತ್ತದೆ. ಟರ್ಬೊ ಒತ್ತಡ ಏರಿಸಿ ಟ್ಯೂನ್ ಮಾಡಿಸಿದಾಗ ಆ ಉಳಿಕೆ ಕರಗುತ್ತದೆ. ಆಗ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ತುಳಿದರೆ ಕ್ಲಚ್ ಜಾರಿ ಆರ್‌ಪಿಎಂ ಮುಳ್ಳು ಜಿಗಿಯುತ್ತದೆ, ವೇಗದ ಮುಳ್ಳು ಕದಲುವುದೇ ಇಲ್ಲ.

ಕ್ಲಚ್ಚಿನ ತಾಳಿಕೆ ನಾಲ್ಕು ಸಂಗತಿಗಳ ಗುಣಲಬ್ಧ: ಒತ್ತುವ ಬಲ, ಘರ್ಷಣೆಯ ಗುಣಾಂಕ, ಪ್ಲೇಟಿನ ಸರಾಸರಿ ತ್ರಿಜ್ಯ, ಉಜ್ಜುವ ಮೈಗಳ ಸಂಖ್ಯೆ. ತ್ರಿಜ್ಯ ಹಿಗ್ಗಿಸಲು ಜಾಗವಿಲ್ಲ. ಒತ್ತುವ ಬಲ ಹೆಚ್ಚಿಸಲು ಬಿಗಿಯಾದ ಡಯಾಫ್ರಾಮ್ ಸ್ಪ್ರಿಂಗ್ ಹಾಕಿದರೆ ಎಡಗಾಲು ಸೋಲುತ್ತದೆ, ರಿಲೀಸ್ ಬೇರಿಂಗ್ ಬೇಗ ಸವೆಯುತ್ತದೆ. ಹಾಗಾಗಿ ಹಲವರ ಕಣ್ಣು ಲೈನಿಂಗಿನ, ಅಂದರೆ ಪ್ಲೇಟಿನ ಉಜ್ಜುವ ಪದರದ, ಮೇಲೆ. ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗಿನ ಗುಣಾಂಕ 0.3ರ ಆಸುಪಾಸು, ಸೆರಾಮಿಕ್ ಬಿಲ್ಲೆಗಳದ್ದು 0.4 ದಾಟಬಹುದು. ಬಿಸಿಯನ್ನೂ ಇವು ಹೆಚ್ಚು ತಾಳುತ್ತವೆ. ಆದರೆ ಮೆಲ್ಲಗೆ ಹಿಡಿಯುವುದು ಇವುಗಳ ಜಾಯಮಾನವಲ್ಲ.

ಅದರ ರುಚಿ ಗೊತ್ತಾಗಬೇಕಾದರೆ ಸಂಜೆಯ ಹೊತ್ತು ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರಬೇಕು. ಮುಂದಿನ ಕಾರು ಮೊಳ ಮೊಳ ಸರಿಯುತ್ತದೆ, ಹಿಂದಿನ ರಿಕ್ಷಾ ಬಂಪರಿಗೇ ಅಂಟಿಕೊಂಡಿದೆ. ಹಾಫ್ ಕ್ಲಚ್ಚಿನಲ್ಲಿ ಕಾರು ಗಡಗಡ ನಡುಗಿ ಆಫ್ ಆಗುತ್ತದೆ. ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲನ್ನೂ ಹಗುರವಾದದ್ದೇ ಹಾಕಿಸಿದ್ದರೆ ಕೇಳುವುದೇ ಬೇಡ. ಚಾಲಕ ಎಂಜಿನ್ನಿನ ವೇಗ ಏರಿಸಿ ಹೊರಡುತ್ತಾನೆ, ಕ್ಲಚ್ ಕಾಯುತ್ತದೆ.

ಎಷ್ಟು ಕಾಯುತ್ತದೆ ಎಂಬ ಲೆಕ್ಕ ಸೋಜಿಗದ್ದು. ಸಮತಟ್ಟು ರಸ್ತೆಯಲ್ಲಿ ಎಂಜಿನ್ ವೇಗ ಬದಲಿಸದೆ ಹೊರಟರೆ, ಕಾರು ಗಳಿಸಿದ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಚಾಲಕ ಎಷ್ಟೇ ನಾಜೂಕಿನವನಾಗಿರಲಿ, ಇದು ತಪ್ಪದು. 1,200 ಕೆ.ಜಿ. ಕಾರಿನಲ್ಲಿ ಗಂಟೆಗೆ 10 ಕಿ.ಮೀ. ವೇಗಕ್ಕೆ ಕ್ಲಚ್ ಪೂರ್ತಿ ಹಿಡಿದರೆ ಸುಮಾರು 4.6 ಕಿಲೊಜೂಲ್. 20 ಕಿ.ಮೀ. ವೇಗಕ್ಕೆ ಹಿಡಿದರೆ ಅದರ ನಾಲ್ಕು ಪಟ್ಟು. ಏರಿನಲ್ಲಿ ಇನ್ನೂ ಹೆಚ್ಚು.

ಟ್ಯೂನ್ ಮಾಡಿಸದ ಕಾರಿಗೆ ಇದೆಲ್ಲ ದಂಡ. ಮಾಡಿಸಿದ್ದರೆ, ದುಬಾರಿಯಾದರೂ ನನ್ನ ಮತ ಎರಡು ಪ್ಲೇಟಿನ ಕ್ಲಚ್ಚಿಗೆ. ಉಜ್ಜುವ ಮೈಗಳು ಎರಡರಿಂದ ನಾಲ್ಕಾಗುವುದರಿಂದ ಅದೇ ಸ್ಪ್ರಿಂಗ್ ಬಲಕ್ಕೆ ತಾಳಿಕೆ ಇಮ್ಮಡಿಯಾಗುತ್ತದೆ. ಹೊಸ ಲೈನಿಂಗ್ ಹದಕ್ಕೆ ಬರುವವರೆಗೆ ಕೆಲವು ನೂರು ಕಿಲೋಮೀಟರ್ ಪೇಟೆಯಲ್ಲೇ ಓಡಿಸಬೇಕು; ಆಗುಂಬೆ ಘಾಟಿ ಆಮೇಲೆ. ಮಳೆಗಾಲವಿಡೀ ಕಾರು ನಿಂತಲ್ಲೇ ನಿಂತರೆ ಕರಾವಳಿಯ ತೇವಕ್ಕೆ ಫ್ಲೈವೀಲ್ ತುಕ್ಕು ಹಿಡಿದು ಪ್ಲೇಟ್ ಅಂಟಿಕೊಳ್ಳುವುದೂ ಉಂಟು. ಆಗಾಗ ಅಂಗಳದಲ್ಲೇ ಹಿಂದೆ ಮುಂದೆ ಸರಿಸಿದರೆ ಆ ತೊಂದರೆ ತಪ್ಪುತ್ತದೆ.